ಜರಡಿಗೆ ಸಿಗದ ಹೆಸರು

ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಮೇಜಿನ ಮೇಲಿನ ಕಾಗದ ಒಂದು ಸಲ ಎದ್ದು ಮಲಗುತ್ತದೆ, ಮತ್ತೆ ಎದ್ದು ಮಲಗುತ್ತದೆ, ಎದೆಯ ಹಾಗೆ, ತಮ್ಮನ ಎದೆ ಮಾತ್ರ ಬೆಳಿಗ್ಗೆ ಏಳಲಿಲ್ಲ — ಹಲ್ಲುಜ್ಜುತ್ತ ನಿಂತವನು ನಿಂತಲ್ಲೇ ಕುಸಿದನಂತೆ, ಭಾವ, ಬೇಗ ಬನ್ನಿ ಭಾವ, ಎಂದಷ್ಟೇ ಅವನ ಹೆಂಡತಿ ಫೋನಿನಲ್ಲಿ ಅಂದಳು, ಉಳಿದದ್ದನ್ನು ಅವಳ ಉಸಿರೇ ಹೇಳಿತು. ಆಗ ಎಡಬಲ ತಪ್ಪಿ ಮೆಟ್ಟಿಕೊಂಡ ಚಪ್ಪಲಿ ಹಿರಿಯ ಗುಮಾಸ್ತರ ಕಾಲಲ್ಲಿ ಈಗಲೂ ಹಾಗೇ ಇದೆ. ತಮ್ಮ ಇದೇ ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ ಬಿಳಿ ಬಟ್ಟೆಯಡಿ ಮಲಗಿದ್ದಾನೆ, ಇವರು ಮೇಲೆ ದಾಖಲೆ ಕೋಣೆಯಲ್ಲಿ, ಮೂವತ್ತೆಂಟು ವರ್ಷ ಕೂತ ಅದೇ ಜಾಗದಲ್ಲಿ, ಹಳೆಯ ವರದಿ ತೆಗೆದುಕೊಡಿ ಯಜಮಾನರೇ, ಮರಣಪತ್ರ ಬರೀಬೇಕು ಅಂದರು ಡಾಕ್ಟರು, ಅದಕ್ಕೇ ಕಂಪ್ಯೂಟರಿನ ಪರದೆ ತೆರೆದದ್ದು, ಮರುಪರೀಕ್ಷೆಗೆ ಕರೆಯಬೇಕಾದವರ ಪಟ್ಟಿಯಲ್ಲಿ ಹುಡುಕಿದರೆ ಅವನಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಇಲ್ಲ. ಹೆಸರು ಕುಟ್ಟಿ ಹುಡುಕಿದರೆ ಇದ್ದಾನೆ, ವಯಸ್ಸು, ರಕ್ತದ ಗುಂಪು, ಫೋನ್ ನಂಬರು ಎಲ್ಲ ಇದೆ, ಫಲಿತಾಂಶದ ಚೌಕ ಮಾತ್ರ ಖಾಲಿ, ಬೆಳ್ಳಗೆ, ಕೆಳಗಿನ ಆ ಬಟ್ಟೆಯಷ್ಟೇ ಬೆಳ್ಳಗೆ.

ಖಾಲಿ ಬಿಟ್ಟ ಕೈ ಇದೇ. ತಮ್ಮನ ಹೃದಯದ ಮೊದಲ ಪರೀಕ್ಷೆ ಹೀಗೂ ಇಲ್ಲ ಹಾಗೂ ಇಲ್ಲ ಅಂತ ಬಂತು, ಇನ್ನೊಂದು ಮಾಡಿಸಬೇಕಿತ್ತು, ಸರಿಯಿದೆ ಎಂದು ಬರೆದರೆ ಸುಳ್ಳು, ಸರಿಯಿಲ್ಲ ಎಂದು ಬರೆಯಲು ಒಡಹುಟ್ಟಿದವನ ಹೆಸರಿನ ಮುಂದೆ ಬೆರಳು ಏಳಲಿಲ್ಲ, ತಿಳಿಯದ್ದನ್ನು ಬರೆಯಬಾರದು ಎಂದು ಕಲಿಸಿದವರು ಇವರಿಗಿಂತ ಮೊದಲಿದ್ದ ಗುಮಾಸ್ತರು, ಹಳೆಯ ದಪ್ಪ ಪುಸ್ತಕದಲ್ಲಿ ಬಿಟ್ಟ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಎದ್ದು ಕಾಣುತ್ತಿತ್ತು, ದಿನಾ ಕಣ್ಣಿಗೆ ಚುಚ್ಚಿ ಚುಚ್ಚಿ ತುಂಬಿಸಿಕೊಳ್ಳುತ್ತಿತ್ತು. ಇಲ್ಲಿ ಪುಸ್ತಕವಿಲ್ಲ, ಜರಡಿಯಿದೆ. ಗುಬ್ಬಿಯ ಜರಡಿ, ತಮ್ಮನ ಮಗಳು, ಈ ಆಸ್ಪತ್ರೆಯ ಕಂಪ್ಯೂಟರಿನ ಕೆಲಸ ಅವಳದ್ದೇ, ಬರೀ ಅರವತ್ತು ಸಾಲಿನ ಕೋಡು ದೊಡ್ಡಪ್ಪ, ಸಾವಿರಾರು ದಾಖಲೆ ಸುರೀರಿ, ಬೇಕಾದವರನ್ನಷ್ಟೇ ಹಿಡಿದು ಕೊಡುತ್ತೆ, ಸರಿಯಿದೆ ಅನ್ನೋರನ್ನ ಬಿಟ್ಟು ಉಳಿದವರನ್ನ ಕೊಡು ಅಂದ್ರೆ ಆಯ್ತು. ಆಮೇಲೆ ಬೆರಳೆತ್ತಿ, ಆದರೆ ಚೌಕ ಖಾಲಿ ಬಿಡಬೇಡಿ ಮತ್ತೆ, ಖಾಲಿ ಇದ್ರೆ ಯಂತ್ರಕ್ಕೆ ಅದು ಸರಿಯಿದೆಯೂ ಅಲ್ಲ, ಸರಿಯಿಲ್ಲವೂ ಅಲ್ಲ, ಎರಡು ಕಡೆಗೂ ಸೇರಿಸಲ್ಲ. ನಿಮ್ಮಪ್ಪನ ಹಾಗೆ ಅನ್ನು, ಊಟಕ್ಕೆ ಬರ್ತೀಯೇನೋ ಅಂದ್ರೆ ಹೂಂ ಅನ್ನಲ್ಲ ಉಹೂಂ ಅನ್ನಲ್ಲ — ಎಂದು ಇವರು ನಕ್ಕಿದ್ದರು. ದೇವರೇ, ನಕ್ಕಿದ್ದರು. ತಮ್ಮನೂ ನಕ್ಕಿದ್ದ, ಹೋದ ವಾರ, ಬಾಗಿಲಲ್ಲಿ ನಿಂತು, ಅಣ್ಣಾ, ಆಸ್ಪತ್ರೆಯೋರು ಕರೀಲಿಲ್ಲ ಅಂದ್ರೆ ನಾನು ಗುಂಡುಕಲ್ಲು ಅಂತ ತಾನೆ? ಹೌದು ಬಿಡೋ, ಕರೆಯೋ ಹಾಗಿದ್ರೆ ಕರೀತಿದ್ದರು. ಹೌದು ಬಿಡೋ. ಈ ಬಾಯಲ್ಲೇ ಹೇಳಿದ್ದು, ಬಿಟ್ಟ ಚೌಕ ಆಗ ನೆನಪಿಗೇ ಬರಲಿಲ್ಲ.

ಚೌಕದೊಳಗೆ ಗೆರೆ ಮಿಣುಕುತ್ತಿದೆ, ಬರಿ ಬರಿ ಅನ್ನುತ್ತಿದೆ. ಈಗ ಬರೆದುಬಿಟ್ಟರೆ? ಸರಿಯಿಲ್ಲ ಎಂದು ನಾಲ್ಕಕ್ಷರ, ಯಾರು ಕೇಳುತ್ತಾರೆ, ರೋಗಿಗಳಿಗೆ ಫೋನ್ ಮಾಡಿ ಕರೆಯುವ ಹುಡುಗಿ ಮರೆತಳು ಅಂದುಕೊಳ್ಳುತ್ತಾರೆ, ಆ ಬಡಪಾಯಿಯ ತಲೆಗೆ ಕಟ್ಟಿದ ಹಾಗಾಗುತ್ತದೆ, ಬೆರಳು ಕೀಲಿಯ ಮೇಲೆ ಇದೆ, ಬೆವರಿಗೆ ಜಾರುತ್ತಿದೆ, ನೋಡುವವನು ಮೇಲೊಬ್ಬನಿದ್ದಾನೆ. ಗೊತ್ತಾದರೆ ಗುಬ್ಬಿ ಏನಾಗಬೇಡ, ಅವಳು ನೇಯ್ದ ಜರಡಿಯಿಂದಲೇ ಅವಳಪ್ಪ ಜಾರಿಹೋದ, ತೂತು ಇಟ್ಟವಳು ಅವಳಲ್ಲ, ಆದರೆ ಹೇಗೆ ನಂಬಿಸುವುದು. ಮುಚ್ಚಿಡೋಣ. ಮಣ್ಣಾಗುವವರೆಗಾದರೂ ಮುಚ್ಚಿಡೋಣ — ಅಷ್ಟರಲ್ಲಿ ಇನ್ನೊಂದು ಭಯ, ಮೊದಲನೆಯದನ್ನು ನುಂಗುವಂಥದು: ಖಾಲಿ ಬಿಟ್ಟದ್ದು ಇದೊಂದೇ ಅಲ್ಲ. ಹಳೇ ಕೈ, ಹಳೇ ಅಭ್ಯಾಸ, ಎಷ್ಟು ಬಿಟ್ಟಿದ್ದಾರೋ, ಅವರೆಲ್ಲ ಈಗ ಎಲ್ಲೋ ಹಲ್ಲುಜ್ಜುತ್ತಿದ್ದಾರೆ, ಮೆಟ್ಟಿಲು ಹತ್ತುತ್ತಿದ್ದಾರೆ, ಕರೀಲಿಲ್ಲವಲ್ಲ ಎಂದು ನಗುತ್ತಿದ್ದಾರೆ. ಅವರನ್ನು ತೆಗೆದುಕೊಡುವುದು ಗುಬ್ಬಿಗೆ ಮಾತ್ರ ಗೊತ್ತು.

ದೊಡ್ಡಪ್ಪ, ಅಪ್ಪನ ವರದಿ ಸಿಕ್ತಾ? ಬಾಗಿಲಲ್ಲಿ ಅವಳೇ, ಕಣ್ಣು ಊದಿದೆ, ಅಪ್ಪನ ಗಡಿಯಾರ ಮುಷ್ಟಿಯಲ್ಲಿ. ಅವರ ಅಂಗೈ ತಾನಾಗಿ ಪರದೆ ಮುಚ್ಚಿತು. ಏನದು, ಕೈ ತೆಗೀರಿ. ಬಾ ಮಗಾ, ಕೂತ್ಕೋ, ನಾನು ಖಾಲಿ ಬಿಟ್ಟವರನ್ನೆಲ್ಲ ಹೊರಗೆ ತೆಗಿ, ಈಗಲೇ ತೆಗಿ, ಬೇಡ ಅಂತ ನೀನು ಹೇಳಿದ್ದೆ, ತಪ್ಪು ನಂದು. ಯಾಕೆ ದೊಡ್ಡಪ್ಪ, ಈಗ್ಯಾಕೆ? ಕೈ ತೆಗೆದರು. ಅವಳು ಓದಿದಳು. ಅಳಲಿಲ್ಲ, ಅದೇ ಹೆದರಿಸಿತು, ಗಡಿಯಾರ ಮೇಜಿನ ಮೇಲಿಟ್ಟು ಒಂದು ಸಾಲು ಕುಟ್ಟಿದಳು, ತಪ್ಪಾಯಿತು, ಅಳಿಸಿದಳು, ಮತ್ತೆ ಕುಟ್ಟಿದಳು. ಹದಿನೇಳು ಹೆಸರು ಬಂದವು. ಫೋನ್ ಕೊಡಿ, ಅಂದಳು, ಎರಡನೆಯವರಿಂದ ಶುರು ಮಾಡ್ತೀನಿ. ಮೊದಲನೆಯ ಹೆಸರು ಅವಳಪ್ಪನದೇ. ಅತ್ತ ಎಲ್ಲೋ ಫೋನು ರಿಂಗಾಗುತ್ತಿದೆ, ಎತ್ತಲಿ ದೇವರೇ, ಎತ್ತಲಿ, ಇವರು ಕಣ್ಣು ಮುಚ್ಚಿದರೂ ಅದೇ ಬಿಳಿ ಚೌಕ, ತಂದೇ, ಅವನ ಜೀವಕ್ಕೆ ಶಾಂತಿ ಕೊಡು, ನಾನು ಕರೆಯದವನನ್ನು ನೀನಾದರೂ ಹೆಸರು ಹಿಡಿದು ಕರೆ, ಶಾಂತಿ ಕೊಡು, ಬಿಳಿ ಚೌಕ, ಶಾಂತಿ ಕೊಡು, ಆ ಬಿಳಿ ಚೌಕ —