ವಾಸಪ್ಪನ ಬೆರಳಿನ ಸಕ್ಕರೆ

ಕೋಣಂದೂರಿನಲ್ಲಿ ಜೋನಿಬೆಲ್ಲದ ಅಂಗಡಿ ಇಟ್ಟಿದ್ದ ವಾಸಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಊರಿನವರು ನಗಲಿಲ್ಲ. ನಗುವಷ್ಟು ಹೊಸ ವಿಷಯವಲ್ಲ, ಮನೆಗೊಬ್ಬರಿಗೆ ಆಗಲೇ ಬಂದಿತ್ತು. ವಾಸಪ್ಪ ಅಂದೇ ಸಿಹಿ ಬಿಟ್ಟ. ಡಬ್ಬದ ಪಾಕದಂಥ ಬೆಲ್ಲ ಹದವಾಗಿದೆಯೇ ಎಂದು ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದವನು, ಈಗ ಎರಡು ಬೆರಳ ನಡುವೆ ಎಳೆ ತೆಗೆದು ನೋಡಿ ಹೆಗಲ ಟವೆಲಿಗೆ ಒರೆಸಿಕೊಳ್ಳುತ್ತಿದ್ದ.

ವಾಸಪ್ಪನ ತಂಗಿಯ ಮಗಳು, ಹೊಸನಗರದಲ್ಲಿ ನರ್ಸಾಗಿದ್ದ ಸ್ವಾತಿ, ಮನೆಯಲ್ಲೇ ಸಕ್ಕರೆ ನೋಡುವ ಮಿಷನ್ನು ತಂದುಕೊಟ್ಟಳು. ಸಂಜೆ ಅಂಗಡಿ ಮುಚ್ಚಿ ಬಂದು ವಾಸಪ್ಪ ಬೆರಳು ಚಾಚುವುದು, ಹೆಂಡತಿ ಶೇಷಮ್ಮ ಸೂಜಿ ಚುಚ್ಚುವುದು. ಆ ಕೆಲಸದಲ್ಲಿ ಶೇಷಮ್ಮನಿಗೆ ಬೇಸರವೇನೂ ಕಾಣಲಿಲ್ಲ.

ಮಿಷನ್ನು ಮುನ್ನೂರ ತೊಂಬತ್ತು ತೋರಿಸಿತು. ಮರುದಿನ ನಾನೂರು ದಾಟಿತು.

“ಅಂಗಡೀಲಿ ತಿಂದ್ರಿ ಅಲ್ದಾ?”

“ಇಲ್ಲ ಮಾರಾಯ್ತಿ.”

“ಹಂಗಾರೆ ಇದು ಸುಳ್ಳು ಹೇಳ್ತದಾ? ಇದಕ್ಕೆ ನಿಮ್ಮ ಮೇಲೆ ಎಂತ ದ್ವೇಷ?”

ಮದುವೆಯಾದ ಹೊಸದರಲ್ಲಿ, ಎಮ್ಮೆಯನ್ನು ಹುಲಿ ಹಿಡಿಯಿತು ಎಂದು ವಾಸಪ್ಪ ಒಬ್ಬನೇ ಮನೆಗೆ ಬಂದಾಗ ಊರೆಲ್ಲ ನಕ್ಕಿತ್ತು, ಶೇಷಮ್ಮ ನಂಬಿದ್ದಳು. ಅದು ಹುಲಿಯೇ ಆಗಿತ್ತು. ಅಂಥವಳಿಗೆ ಈಗ ಅಂಗೈಯಗಲದ ಡಬ್ಬಿಯ ಮಾತು ಹೆಚ್ಚಾಯಿತು.

“ಸಿಗಂದೂರಮ್ಮನ ಎದುರಿಗೆ ನಿಂತು ತಿಂದಿಲ್ಲ ಅಂತ ಹೇಳಿ. ಆಮೇಲೆ ನಂಬ್ತೀನಿ.”

“ಬೆಲ್ಲದ ವಿಷಯಕ್ಕೆ ದೇವರ ಹತ್ರ ಆಣೆಯಾ?”

“ಬೆಲ್ಲದ್ದಲ್ಲ. ನಿಮಗೆಂತಾದ್ರೂ ಆದ್ರೆ ನಾನು ಯಾರ ಬೆರಳು ಚುಚ್ಚಲಿ?”

ವಾಸಪ್ಪ “ಆಯ್ತು, ಹೋಗಣ” ಎಂದ.

ಆಣೆಗೆ ಹೋಗುವವರು ಮೈಲಿಗೆಯಲ್ಲಿ ಹೋಗುವಂತಿಲ್ಲ. ಹೊರಡುವ ದಿನ ವಾಸಪ್ಪ ತಲೆಗೆ ಸ್ನಾನ ಮಾಡಿ, ಸೀಗೆಪುಡಿಯಲ್ಲಿ ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ ಬಂದ. ಜೊತೆಗೆ ಬರಲು ಸ್ವಾತಿಯೂ ಬಂದಿದ್ದಳು. ಹೊರಡುವ ಮುಂಚೆ ಅವಳೇ ಮಾವನ ಬೆರಳು ಚುಚ್ಚಿದಳು. ನೂರ ಇಪ್ಪತ್ತೆಂಟು.

“ಅಮ್ಮ ಅಲ್ಲಿಂದಲೇ ನೋಡ್ಕಂಡ್ಲು,” ಎಂದು ಶೇಷಮ್ಮ ಕೈಮುಗಿದಳು.

“ಬರಿಹೊಟ್ಟೆಗೆ ಕಮ್ಮಿ ಇರ್ತದೆ ಅತ್ತೆ. ಆದ್ರೂ ಇಷ್ಟು ಫರಕು? ಸಂಜೆ ಮಾವ ಕೈ ತೊಳೀತಾರಾ?”

“ಒರೆಸ್ಕಂತಾರಲ್ಲ,” ಎಂದು ಶೇಷಮ್ಮ ಟವೆಲು ತೋರಿಸಿದಳು. ಅದು ಹಗ್ಗದ ಮೇಲೆ ಹಪ್ಪಳದಂತೆ ಸೆಟೆದು ನಿಂತಿತ್ತು.

ಸ್ವಾತಿ ಮಾವನ ಇನ್ನೊಂದು ಕೈಯ ಬೆರಳನ್ನು ಜೋನಿಬೆಲ್ಲಕ್ಕೆ ಅದ್ದಿಸಿ, ಅದೇ ಟವೆಲಿಗೆ ಒರೆಸಿ ಚುಚ್ಚಿದಳು. ನಾನೂರ ಹನ್ನೆರಡು. ಅಷ್ಟರಲ್ಲಿ ವಾಸಪ್ಪ ಉಗುಳು ಬಿಟ್ಟು ಬೇರೇನೂ ನುಂಗಿರಲಿಲ್ಲ. ಇಬ್ಬರೂ ಅವನ ಬಾಯನ್ನೇ ನೋಡುತ್ತಿದ್ದರು.

“ರಕ್ತ ಹಾಕೋ ಈ ಪಟ್ಟೀಲಿ ಮದ್ದು ಇರ್ತದೆ ಅತ್ತೆ. ರಕ್ತದ ಸಕ್ಕರೆ ಅದಕ್ಕೆ ಸೇರಿದ್ರೆ ಚೂರೇ ಚೂರು ಕರೆಂಟು ಹುಟ್ತದೆ. ಮಿಷನ್ನು ಅದನ್ನ ಅಳೆದು ನಂಬರು ತೋರಿಸ್ತದೆ. ಸಕ್ಕರೆ ರಕ್ತದ್ದಾ, ಬೆರಳಿಗೆ ಮೆತ್ತಿದ್ದಾ ಅಂತ ಅದಕ್ಕೆ ಗೊತ್ತಾಗಲ್ಲ. ಸೋಪು ಹಾಕಿ ತೊಳೆದು, ಕೈ ಒಣಗಿದ ಮೇಲೆ ಚುಚ್ಬೇಕು.”

“ಹಂಗಾರೆ ನಾನು ಇಷ್ಟು ದಿನ ನೋಡಿದ್ದು?”

“ಅಂಗಡಿ ಬೆಲ್ಲದ ಸಕ್ಕರೆ.”

“ಮಾಲು ಒಳ್ಳೇದೇ ಐತೆ,” ಎಂದ ವಾಸಪ್ಪ.

ಆಣೆಗೆ ವಿಷಯ ಉಳಿಯಲಿಲ್ಲ. ಆದರೆ ಸ್ನಾನ ಆಗಿತ್ತು, ಶೇಷಮ್ಮ ಸೀರೆ ಉಟ್ಟಾಗಿತ್ತು. ಸಾಗರದ ಬಸ್ಸು ಹತ್ತಿದರು.

ಸಿಗಂದೂರಿನಲ್ಲಿ ವಾಸಪ್ಪ ಕೈಮುಗಿದು ಹೊರಬಂದ. ಶೇಷಮ್ಮ ಕಣ್ಣು ಮುಚ್ಚಿ ನಿಂತವಳು ನಿಂತೇ ಇದ್ದಳು. ಹಿಂದಿನವರು ಗೊಣಗಿದ ಮೇಲೆ ಬಂದಳು.

“ಎಂತ ಅಷ್ಟೊತ್ತು?”

“ನಿಮ್ಮ ಮೇಲೆ ಮೊನ್ನೇನೇ ಮನೇಲಿ ಕೈಮುಗಿದು ಅಮ್ಮನ ಹತ್ರ ದೂರು ಹೇಳಿದ್ದೆ. ವಾಪಸ್ ತಗಂಡೆ.”

ವಾಸಪ್ಪ ಚಪ್ಪಲಿ ಹುಡುಕುತ್ತಾ ಕೇಳಿದ: “ಎಲ್ಲಾನೂ ತಗಂಡ್ಯಾ?”

“ಬೆಲ್ಲದ್ದು ಮಾತ್ರ.”