ಯಾರೂ ಮುಟ್ಟದ ಕಂಪ್ಯೂಟರ್

ಗಂಡನ ಮನೆ ಬಿಟ್ಟು ಡೆನ್ಮಾರ್ಕಿನ ಬಂದರು ಊರು ಎಸ್ಬಿಯೆರಿಗೆ ಬರುವಾಗ ಡೋರ್ಟೆ ಬಟ್ಟೆ ತಂದಳು, ಪಾತ್ರೆ ತಂದಳು, ಅಜ್ಜಿಯ ಮೇಜುದೀಪವನ್ನೂ ಮಡಿಲಲ್ಲಿಟ್ಟುಕೊಂಡು ತಂದಳು. ಕಂಪ್ಯೂಟರ್ ಮಾತ್ರ ತರಲಿಲ್ಲ. ರೀಬೆ ಊರಿನ ಆ ಮನೆಯಲ್ಲಿದ್ದ ಕಂಪ್ಯೂಟರುಗಳನ್ನೆಲ್ಲ ಕೈಯಾರೆ ಜೋಡಿಸಿದವನು ಗಂಡ ಪ್ರೇಬೆನ್. ಅವಳು ಬೆಳಿಗ್ಗೆ ಅಕ್ಕನಿಗೆ ಬರೆದ ಮಾತು ಸಂಜೆ ಊಟದ ಹೊತ್ತಿಗೆ ಅವನ ಬಾಯಲ್ಲಿ ಬರುತ್ತಿತ್ತು. ಕದ್ದುಮುಚ್ಚಿ ಬಾಡಿಗೆ ಮನೆ ಹುಡುಕಿದ ದಿನ ಅವನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ, "ಬಂದರಿನ ಕಡೆ ಮನೆಗಳಲ್ಲಿ ತೇವ ಜಾಸ್ತಿ, ಅಲ್ವಾ?" ಎಂದಿದ್ದ. ಒಮ್ಮೆಯೂ ಕೈಯೆತ್ತಿದವನಲ್ಲ, ದನಿಯೆತ್ತಿದವನೂ ಅಲ್ಲ. ಹಾಗಾಗಿಯೇ ಅವಳಿಗೆ ಯಾರ ಹತ್ತಿರವೂ ಹೇಳಿಕೊಳ್ಳಲು ಆಗಲಿಲ್ಲ.

ಹದಿನೈದು ತುಂಬಿದ ಮಗಳು ಲೀವಾಗೂ ಹೇಳಿರಲಿಲ್ಲ. ಹುಡುಗಿ ವಾರ ಬಿಟ್ಟು ವಾರ ರೈಲು ಹತ್ತಿ ಅಪ್ಪನ ಮನೆಗೆ ಹೋಗಿ ಬರುತ್ತಿದ್ದಳು. "ಈ ಮನೆ ಎಲ್ಲಿದೆ ಅಂತ ಮಾತ್ರ ಹೇಳ್ಬೇಡ," ಎಂದಿದ್ದಳು ಡೋರ್ಟೆ. ಯಾಕೆ ಎಂದರೆ, "ಹೇಳ್ತೀನಿ, ಒಂದಿನ." ಆ ಒಂದು ದಿನ ಬಂದೇ ಇರಲಿಲ್ಲ.

ಡೋರ್ಟೆಯದು ಪರದೇಶದ ಸಾಕ್ಷ್ಯಚಿತ್ರಗಳಿಗೆ ಪರದೆಯಡಿ ಡೇನಿಷ್ ಅಡಿಬರಹ ಬರೆದು ಕೂರಿಸುವ ಕೆಲಸ. ಎರವಲು ತಂದ ಲ್ಯಾಪ್‌ಟಾಪು ಆ ಚಿತ್ರಗಳ ಭಾರಕ್ಕೆ ಏದುಸಿರು ಬಿಡುತ್ತಿತ್ತು. ಕಡಿಮೆ ಬೆಲೆಯದೊಂದು ಡೆಸ್ಕ್‌ಟಾಪ್ ಬೇಕೇ ಬೇಕಾಯಿತು.

"ಅಂಗಡಿಗೆ ಹೋಗಿ ಡಬ್ಬಿಯಲ್ಲಿರೋದನ್ನೇ ತಂದ್ಬಿಡೋಣ. ತಂದ್ವಿ, ಪ್ಲಗ್ ಹಾಕಿದ್ವಿ, ಮುಗೀತು," ಎಂದಳು ಡೋರ್ಟೆ.

ಲೀವಾ ರೈ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದವಳು ಚಾಕು ಎತ್ತಿ ತೋರಿಸಿದಳು. "ಅಮ್ಮಾ, ಅದರಲ್ಲಿ ಹೊರಗಡೆ ಥಳಕು, ಒಳಗಡೆ ಹುಳುಕು. ಪವರ್ ಸಪ್ಲೈ ಕಳಪೆ ಹಾಕಿರ್ತಾರೆ, ಮೆಮೊರಿ ಅರೆಬರೆ. ಅದೇ ದುಡ್ಡಲ್ಲಿ ಭಾಗಗಳನ್ನ ತಂದು ನಾವೇ ಜೋಡಿಸಿದ್ರೆ ಎರಡರಷ್ಟು ಓಡತ್ತೆ."

"ಜೋಡಿಸೋರು ಯಾರು, ನಿಮ್ಮಜ್ಜಿನಾ?"

"ಅಪ್ಪ ಜೋಡಿಸಿಕೊಡ್ತಾರಂತೆ. ಹಳೇ ಭಾಗಗಳೂ ಇವೆಯಂತೆ. ಪುಕ್ಕಟೆ."

ಡೋರ್ಟೆಯ ಕೈಯಲ್ಲಿದ್ದ ಲೋಟ ತಟ್ಟೆಗೆ ತಾಗಿ ಠಣ್ ಎಂದಿತು. "ಅವರಿಗೆ ಯಾಕೆ ಹೇಳ್ದೆ?"

"ಕೇಳಿದ್ರು, ಹೇಳ್ದೆ. ಅಪ್ಪ ತಾನೇ? ಪೊಲೀಸಲ್ವಲ್ಲ."

"ಬೇಡ. ಆ ಮನೆಯ ಒಂದು ಸ್ಕ್ರೂನೂ ಬೇಡ." ಬಿರುಸಾಯಿತು ಎಂದು ಅವಳಿಗೇ ಅನಿಸಿತು. ಲೀವಾ ಮುಖ ಊದಿಸಿಕೊಂಡು ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದಳು.

ಒಂದೆರಡು ದಿನದಲ್ಲಿ ಹುಡುಗಿ ತಾನಾಗಿಯೇ ರಾಜಿಗೆ ಬಂದಳು. ಹಳೇ ಸಾಮಾನು ಮಾರುವ ಜಾಲತಾಣದಲ್ಲಿ ಕಾರ್ಸ್ಟೆನ್ ಎಂಬವನೊಬ್ಬ ಮದರ್‌ಬೋರ್ಡ್, ಪ್ರೊಸೆಸರ್, ಮೆಮೊರಿ ಮೂರನ್ನೂ ಸೇರಿಸಿ ಮಾರಲು ಹಾಕಿದ್ದ ಜಾಹೀರಾತು ತೋರಿಸಿದಳು. ಬೆಲೆ ನೋಡಿದರೆ ದಾನ ಮಾಡುವಂತಿತ್ತು. ಡೋರ್ಟೆಗೂ ಆಸೆಯಾಯಿತು. ಬಂದರಿನ ರೈಲ್ವೆ ನಿಲ್ದಾಣದಲ್ಲಿ ಭೇಟಿಯಾಗೋಣ ಎಂದು ಅವಳೇ ಬರೆದಳು. ಉತ್ತರ ಕೂಡಲೇ ಬಂತು:

"ಅಷ್ಟು ದೂರ ನಡೆಯೋದು ಯಾಕೆ? ಮನೆಗೇ ತಂದುಕೊಡ್ತೀನಿ. ಲಿಫ್ಟ್ ಇಲ್ಲದಿದ್ದರೂ ಪರವಾಗಿಲ್ಲ, ಮೂರು ಮಹಡಿ ಹತ್ತೋದು ನನಗೇನು ಕಷ್ಟ ಅಲ್ಲ. ಕೂತು ಜೋಡಿಸಿಯೂ ಕೊಡ್ತೀನಿ."

ಡೋರ್ಟೆ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಕಿಟಕಿಯಾಚೆ ಪಡುಗಾಳಿ ಬೀಸುತ್ತಿತ್ತು. ಯಾರದೋ ಬಾಲ್ಕನಿಯ ತಗಡು ಪಟಪಟ ಬಡಿಯುತ್ತಿತ್ತು.

"ಲೀವಾ, ನಾವು ಮೂರನೇ ಮಹಡಿ ಅಂತ ಇವನಿಗೆ ಬರ್ದಿದ್ಯಾ?"

"ಇಲ್ವಲ್ಲ."

"ಲಿಫ್ಟ್ ಇಲ್ಲ ಅಂತ?"

"ಇಲ್ಲಮ್ಮ. ಅವನ ಹತ್ತಿರ ಮಾತೇ ಆಡಿಲ್ಲ ನಾನು. ಆ ಜಾಹೀರಾತನ್ನ ಅಪ್ಪ..." ಲೀವಾ ತುಟಿ ಕಚ್ಚಿಕೊಂಡಳು. "ಅಪ್ಪ ಕಳಿಸಿದ್ದು. 'ನಾನು ಹೇಳ್ದೆ ಅನ್ನಬೇಡ, ಅಮ್ಮನಿಗೆ ಕೋಪ ಬರತ್ತೆ' ಅಂದ್ರು."

ಡೋರ್ಟೆ ಬೈಯಲಿಲ್ಲ. ವ್ಯವಹಾರ ಬೇಡ ಎಂದು ಕಾರ್ಸ್ಟೆನ್‌ಗೆ ಬರೆದು ಖಾತೆಯನ್ನೇ ಅಳಿಸಿದಳು. ಅಂಗಡಿಯ ಡಬ್ಬಿ ಕಂಪ್ಯೂಟರಿನ ಮೇಲಿದ್ದ ಮನಸ್ಸೂ ಆಗಲೇ ಹೊರಳಿತು. ಒಳಗೆ ಏನಿದೆ ಎಂದು ತಿಳಿಯದ ಪೆಟ್ಟಿಗೆಯೆದುರು ಅವಳು ಹದಿನೇಳು ವರ್ಷ ಕೂತಿದ್ದಳು. ಇನ್ನೊಂದರೆದುರು ಕೂರಲು ಮನಸ್ಸಾಗಲಿಲ್ಲ.

"ಜೋಡಿಸೋಣ," ಎಂದಳು. "ಎಲ್ಲಾ ಹೊಸದು. ಸೀಲು ಒಡೀದೇ ಇರೋದು. ನೀನು ಹೇಳು, ನಾನು ಮಾಡ್ತೀನಿ."

ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅಮ್ಮ, ಮಗಳು ಕೂತರು. ಪ್ರೊಸೆಸರನ್ನು ಅದರ ಗೂಡಿಗೆ ಇಳಿಸುವಾಗ ಡೋರ್ಟೆ ಬೆರಳಿನಿಂದ ಒತ್ತಲು ಹೋದಳು. "ಒತ್ತಬೇಡಮ್ಮ, ಅದಾಗೇ ಕೂರತ್ತೆ. ಮಗು ಮಲಗಿಸಿದ ಹಾಗೆ," ಎಂದಳು ಲೀವಾ. ಒಂದು ಸ್ಕ್ರೂ ಉರುಳಿ ಹೋಗಿ ಇಬ್ಬರೂ ಮೇಜಿನಡಿ ಮೊಣಕಾಲೂರಿ ಹುಡುಕಿದರು, ತಲೆಗೆ ತಲೆ ಡಿಕ್ಕಿಯಾಗಿ ನಕ್ಕರು. ಕತ್ತಲಾಗುವ ಮೊದಲೇ ಫ್ಯಾನ್ ತಿರುಗಿತು, ಪರದೆ ಬೆಳಗಿತು. ಡೋರ್ಟೆ ಚಪ್ಪಾಳೆ ತಟ್ಟಿಬಿಟ್ಟಳು.

ಲೀವಾಳ ಫೋನು ಸದ್ದು ಮಾಡಿತು. ಅವಳು ನೋಡಿ ಮಗುಚಿಟ್ಟಳು. ಮತ್ತೆ ಸದ್ದಾಯಿತು.

"ಯಾರು?"

"ಅಪ್ಪ. ಶುರುವಾಯ್ತಾ ಅಂತ ಕೇಳ್ತಿದಾರೆ." ಹುಡುಗಿ ಫೋನಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಳು. "ಅಮ್ಮ, ಒಂದು ಪ್ರೋಗ್ರಾಂ ಕಳಿಸಿದಾರೆ. ಮೊದಲು ಅದನ್ನ ಹಾಕು, ಹೋಮ್‌ವರ್ಕ್ ಎಲ್ಲಾ ಭದ್ರವಾಗಿರತ್ತೆ ಅಂದಿದಾರೆ. ಅಮ್ಮನಿಗೆ ಹೇಳೋದೇನೂ ಬೇಡ, ಅವಳಿಗೆ ಇದೆಲ್ಲಾ ತಿಳಿಯಲ್ಲ ಅಂತ."

"ಹಾಕಿದ್ಯಾ?"

"ಇನ್ನೂ ಇಲ್ಲ."

ಅಂದು ಡೋರ್ಟೆ ಎಲ್ಲವನ್ನೂ ಹೇಳಿದಳು. ಅಕ್ಕನಿಗೆ ಬರೆದ ಪತ್ರ, ಆಲೂಗಡ್ಡೆ, ಕಾರಿನ ಸೀಟಿನಡಿ ಸಿಕ್ಕಿದ್ದ, ಹೋದಲ್ಲೆಲ್ಲ ಜಾಡು ಹಿಡಿಯುವ ಪುಟ್ಟ ಕಪ್ಪು ಬಿಲ್ಲೆ, ಎಲ್ಲವನ್ನೂ. ಲೀವಾ ಅಳಲಿಲ್ಲ. ಕೇಳುತ್ತಾ ಕೇಳುತ್ತಾ ತನ್ನ ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ಅಪ್ಪನಿಗೆ ತಾನು ಕಳಿಸಿದ್ದನ್ನೆಲ್ಲ ಓದಿದಳು. ಕಿಟಕಿಯಿಂದ ತೆಗೆದ ಸೂರ್ಯಾಸ್ತದ ಚಿತ್ರವಿತ್ತು. ಅದರಲ್ಲಿ ನೀರಿನ ಗೋಪುರವೂ ಎದುರಿನ ಬೇಕರಿಯ ಬೋರ್ಡೂ ಕಾಣುತ್ತಿದ್ದವು. 'ಸಾಮಾನು ಹೊತ್ತು ಮೂರು ಮಹಡಿ ಹತ್ತಿ ಸತ್ತೆ' ಎಂದು ಬರೆದದ್ದೂ ಇತ್ತು.

"ನಾನೇ ಎಲ್ಲಾ ಕೊಟ್ಟಿದೀನಿ," ಎಂದಳು.

"ನೀನಲ್ಲ ಕಣೇ. ಬಾಯಿ ಬಿಡದೆ ಕೂತಿದ್ದೋಳು ನಾನು."

ಮುಂದಿನ ಶುಕ್ರವಾರ ಅಪ್ಪನ ಸರದಿ. ಹೋಗಬೇಡ ಎಂದಳು ಡೋರ್ಟೆ. "ಹೋಗದಿದ್ರೆ ಅವ್ರಿಗೆ ಗೊತ್ತಾಗ್ಬಿಡತ್ತೆ," ಎಂದಳು ಮಗಳು. ಆ ಮಾತು ಡೋರ್ಟೆಗೆ ತನ್ನ ಗಂಟಲಿನಿಂದಲೇ ಬಂದಂತೆ ಕೇಳಿಸಿತು. ಕಡೆಗೆ, ರೀಬೆಯಲ್ಲೇ ಇರುವ ದೊಡ್ಡಮ್ಮನ ಮನೆಗೆ ಶನಿವಾರವೇ ಬಂದುಬಿಡಬೇಕು ಎಂದು ಮಾತಾಯಿತು. ಡೋರ್ಟೆ ಅವಳನ್ನು ರೈಲು ಹತ್ತಿಸಿ ಬಂದು, ಹೊಸ ಕಂಪ್ಯೂಟರಿನೆದುರು ಕೂತು ವಕೀಲರಿಗೆ ಪತ್ರ ಬರೆಯತೊಡಗಿದಳು.

ಫೋನು ಬಂತು. "ಅಮ್ಮ, ತಲುಪಿದೆ. ಅಪ್ಪ ಬಂದಿಲ್ಲ. ಯಾವಾಗಲೂ ಮೊದಲೇ ಬಂದು ನಿಂತಿರ್ತಾರೆ. ಫೋನೂ ಎತ್ತುತ್ತಿಲ್ಲ."

"ದೊಡ್ಡಮ್ಮನ ಮನೆಗೆ ಹೋಗು. ಈಗಲೇ. ಹೋಗಿ ಬಾಗಿಲು ಹಾಕ್ಕೊಳ್ಳಿ."

ಅವಳು ಎದ್ದು ಚಿಲಕ ಹಾಕುವಷ್ಟರಲ್ಲಿ ಕೆಳಗಿನ ಬಾಗಿಲಿನ ಗಂಟೆ ಬಾರಿಸಿದ ಸದ್ದಾಯಿತು. ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯವರು ಯಾರೋ ಬಾಗಿಲು ತೆರೆದು, "ಬನ್ನಿ, ಬನ್ನಿ, ಭಾರ ಇದೆಯಲ್ಲ," ಎಂದದ್ದು ಕೇಳಿಸಿತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಅವಸರವಿಲ್ಲದ, ಅವಳಿಗೆ ಗುರುತಿದ್ದ ಹೆಜ್ಜೆ. ಡೋರ್ಟೆ ಪೊಲೀಸರಿಗೆ ಫೋನು ಮಾಡಿದಳು. ಹೆಸರು, ಬೀದಿ, ಮಹಡಿ ಹೇಳಿದಳು.

ಹೆಜ್ಜೆ ಬಾಗಿಲ ಬಳಿ ನಿಂತಿತು.

"ಡೋರ್ಟೆ," ಎಂದ ಪ್ರೇಬೆನ್, ಎಂದಿನ ಮೆಲುದನಿಯಲ್ಲಿ. "ಒಳಗಿದ್ದೀಯ ಅಂತ ಗೊತ್ತು, ಫ್ಯಾನ್ ಸದ್ದು ಕೇಳ್ತಿದೆ. ಅಗ್ಗದ ಫ್ಯಾನ್ ಹಾಕಿದ್ದೀರಿ. ಒಳ್ಳೇದು ತಂದಿದ್ದೀನಿ, ತೆಗಿ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಫೋನಿನ ಆ ತುದಿಯ ಹೆಂಗಸು, "ಮಾತಾಡಬೇಡಿ, ಲೈನಲ್ಲೇ ಇರಿ," ಎನ್ನುತ್ತಿದ್ದಳು. ಅವನು ಹೊರಗೆ ನಿಂತೇ ಇದ್ದ. ಬಡಿಯಲಿಲ್ಲ, ಬೈಯಲಿಲ್ಲ. ಉಸಿರಾಡುವುದು ಕೇಳಿಸುತ್ತಿತ್ತು.

ಪೊಲೀಸರು ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ. ಬಾಗಿಲ ಮುಂದೆ ರಿಬ್ಬನ್ ಕಟ್ಟಿದ ಪೆಟ್ಟಿಗೆಯಿತ್ತು. ಒಳಗೆ ಪೂರ್ತಿ ಜೋಡಿಸಿದ ಹೊಸ ಕಂಪ್ಯೂಟರ್, ಮೇಲೆ 'ಲೀವಾಗೆ' ಎಂಬ ಚೀಟಿ. ಬಂದಿದ್ದ ಪೊಲೀಸ್ ಹೆಂಗಸು ಅದನ್ನೇ ನೋಡುತ್ತಾ ನಿಂತಳು.

"ಮಗಳಿಗೆ ಉಡುಗೊರೆ ತಂದಿಟ್ಟು ಹೋಗೋದು ಅಪರಾಧ ಅಲ್ಲ, ನೋಡಿ," ಎಂದಳು. ಡೋರ್ಟೆಯ ಮುಖ ನೋಡಿ ಟೋಪಿ ತೆಗೆದು ಒಳಗೆ ಬಂದು ಕುರ್ಚಿ ಎಳೆದುಕೊಂಡಳು. "ಆದ್ರೂ ಹೇಳಿ. ಮೊದಲಿಂದ ಹೇಳಿ."

ಡೋರ್ಟೆ ಹೇಳಿದಳು. ಪೊಲೀಸರು ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರು, ಲೀವಾ ಮರಳಿದ ಮೇಲೆ ಅವಳ ಫೋನಿಗೆ ಬಂದಿದ್ದ ಪ್ರೋಗ್ರಾಮನ್ನೂ ನಕಲು ಮಾಡಿಕೊಂಡರು. ತಪಾಸಣೆಗೆ ಕಾಲ ಹಿಡಿಯುತ್ತದೆ ಎಂದರು. ಅದು ಮುಗಿಯುವವರೆಗೆ ಮಗಳು ರೀಬೆಗೆ ಹೋಗಬೇಕಿಲ್ಲ ಎಂದು ವಕೀಲರು ನ್ಯಾಯಾಲಯದಿಂದ ಬರೆಸಿಕೊಂಡರು.

ಬಾಡಿಗೆಗೆ ಬೇರೆ ಮನೆ ಹುಡುಕುವುದು ಮತ್ತೆ ಶುರುವಾಯಿತು. ಸಂಜೆಗಳಲ್ಲಿ ಡೋರ್ಟೆ ಕೆಲಸಕ್ಕೆ ಕೂತಾಗ ಲೀವಾ ಪಕ್ಕದಲ್ಲೇ ಪುಸ್ತಕ ಹಿಡಿದು ಕೂರುತ್ತಿದ್ದಳು. ಬಾಗಿಲಾಚೆ ಮೆಟ್ಟಿಲ ಮೇಲೆ ಸದ್ದಾದರೆ ಡೋರ್ಟೆ ಕೈ ಚಾಚಿ ಕಂಪ್ಯೂಟರನ್ನು ಆರಿಸುತ್ತಿದ್ದಳು. ಫ್ಯಾನ್ ನಿಲ್ಲುವವರೆಗೆ, ಹೆಜ್ಜೆ ದಾಟಿ ಹೋಗುವವರೆಗೆ, ಇಬ್ಬರೂ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು.