ಆಂಜನೇಯನ ಮಣೆ

ಒಣಗಿದ ಬೇವಿನೆಲೆ, ಕರ್ಪೂರ, ಹಳೆಯ ಕಾಗದ. ಈ ಮೂರರ ವಾಸನೆ ಒಟ್ಟಿಗೆ ಬಂದರೆ ಸಾಕು, ಶಶಿರೇಖಾಳಿಗೆ ಈಗಲೂ ಏಳೇ ವರ್ಷ. ಜಡಿಗೇನಹಳ್ಳಿಯ ಭಜನೆ ಮನೆಯಲ್ಲಿ ಅವಳ ಅಪ್ಪ ಅಪ್ಪಯ್ಯಣ್ಣ ಕೆಂಪು ಬಟ್ಟೆಯ ಗಂಟು ಬಿಚ್ಚಿ ರಾಮಾಯಣವನ್ನು ಹೊರತೆಗೆಯುವಾಗ ಬರುತ್ತಿದ್ದ ವಾಸನೆ ಅದು.

ಯುಗಾದಿಯಿಂದ ರಾಮನವಮಿಯವರೆಗೆ ಒಂಬತ್ತು ದಿನ ಅಪ್ಪನ ಓದು. ಎದುರಿಗೊಂದು ಖಾಲಿ ಮಣೆ. ರಾಮಾಯಣ ಓದುವಲ್ಲಿಗೆಲ್ಲ ಆಂಜನೇಯ ಬಂದು ಕೂತು ಕೇಳುತ್ತಾನಂತೆ, ಅದು ಅವನ ಜಾಗ. ಕಡೆಯ ದಿನ ಊಟದ ಮೊದಲ ಎಲೆಯೂ ಅವನಿಗೇ. ಒಂದು ಸಲ ಪುಟ್ಟ ಶಶಿ ನಿದ್ದೆಗಣ್ಣಿನಲ್ಲಿ ಹೋಗಿ ಅದರ ಮೇಲೆ ಕೂತುಬಿಟ್ಟಳು. ಜನ ಹೋ ಎಂದರು. ಅಪ್ಪ ಕನ್ನಡಕದ ಮೇಲಿಂದ ನೋಡಿ, "ಇರ್ಲಿ ಬಿಡ್ರಪ್ಪ, ಈ ಸಲ ಲಂಗ ಹಾಕ್ಕೊಂಡು ಬಂದವ್ನೆ," ಎಂದು ಓದು ಮುಂದುವರಿಸಿದರು. ಮೊದಲ ಎಲೆಯನ್ನೂ ಅವಳ ಮುಂದೆಯೇ ಹಾಕಿಸಿದರು.

ಅಪ್ಪ ಕಡೆಯ ಸಲ ಓದಿದಾಗ ಎಂಟನೇ ದಿನಕ್ಕೇ ಹಾಸಿಗೆ ಹಿಡಿದರು. ಪಟ್ಟಾಭಿಷೇಕ ಓದದೆ ಪುಸ್ತಕ ಕಟ್ಟಬಾರದು, ಆದರೂ ಕಟ್ಟಬೇಕಾಯಿತು. "ರಾಮ ಇನ್ನೂ ಊರಿಗೆ ಬಂದಿಲ್ಲ ಕಣಮ್ಮ," ಎಂದು ಮಗಳ ಕೈ ಹಿಡಿದು ಹೇಳಿ ಕಣ್ಣು ಮುಚ್ಚಿದರು. ಹೊಸಕೋಟೆಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಶಶಿರೇಖಾ, ಈ ಯುಗಾದಿಗೆ ತಾನೇ ಆ ಗಂಟು ಬಿಚ್ಚಿದಳು. ರಾಮನನ್ನು ಊರಿಗೆ ಕರೆತರಬೇಕಿತ್ತು.

ಆ ದಿನದ ಓದಿಗಿಂತ ಮುಂದಿನ ಹಾಳೆ ತಿರುವಬಾರದೆಂಬುದು ಅಪ್ಪನ ಕಟ್ಟುನಿಟ್ಟು. ಅವಳೂ ತಿರುವಿರಲಿಲ್ಲ. ಹಾಗಾಗಿ ಒಂಬತ್ತನೇ ದಿನ, ರಾವಣನ ವಧೆ ಮುಗಿದು ಹಾಳೆ ಮಗುಚಿದಾಗಲೇ ಕಂಡದ್ದು. ಕೊನೆಯ ಹಾಳೆಗಳನ್ನು ಗೆದ್ದಲು ತಿಂದಿತ್ತು. ಬೆರಳಿಗೆ ಬರೀ ಮಣ್ಣು ಅಂಟಿತು.

"ಅತ್ತೆ, ಫೋನಲ್ಲಿ ಒಂದೈತೆ, ಓದ್ಲಾ?" ಅಣ್ಣನ ಮಗ ನವೀನ್‌ಕುಮಾರ್ ಎರಡು ಸಾಲು ಓದಿದ.

"ಇದು ನಮ್ಮದಲ್ಲ ಕಣಪ್ಪ," ಎಂದ ತಾಳ ಹಿಡಿದಿದ್ದ ಕಾಂತರಾಜು.

"ರಾಮ ಒಬ್ನೇ ಅಲ್ವಾ ಮಾವ?"

"ರಾಮ ಒಬ್ನೇ. ಧಾಟಿ ಬ್ಯಾರೆ."

ಯಾರೋ ನಕ್ಕರು. ಎರಡನೇ ಸಲವೂ ರಾಮ ದಾರಿಯಲ್ಲೇ ಉಳಿದ.

ಆಗ ಕಿಟಕಿಯಾಚೆಯಿಂದ ಒಂದು ಮುದಿ ದನಿ ಎದ್ದಿತು. ಶಶಿರೇಖಾ ನಿಲ್ಲಿಸಿದ ಪದದಿಂದಲೇ ಹಿಡಿದು, ಅದೇ ಧಾಟಿಯಲ್ಲಿ, ಅಪ್ಪ ಉಸಿರು ತೆಗೆದುಕೊಳ್ಳುತ್ತಿದ್ದಲ್ಲೇ ಉಸಿರು ತೆಗೆದುಕೊಳ್ಳುತ್ತ. ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದವಳು ಮುತ್ಯಾಲಮ್ಮ. ಹಿಂದೆ ಅವಳ ಕೇರಿಯವರನ್ನು ಭಜನೆ ಮನೆಯೊಳಗೆ ಬಿಡುತ್ತಿರಲಿಲ್ಲ. ಈಗ ತಡೆಯುವವರಿಲ್ಲದಿದ್ದರೂ, ಬಾ ಎಂದು ಕರೆದವರೂ ಇರಲಿಲ್ಲ. ಚಿಕ್ಕಂದಿನಲ್ಲಿ ತಾಯಿಯ ಜೊತೆ ಕೂತ ಜಾಗದಲ್ಲೇ ಅರವತ್ತು ವರ್ಷದಿಂದ ಕೇಳುತ್ತಿದ್ದಳು.

ನಡುವೆ ಇದ್ದದ್ದು ಒಂದೇ ಗೋಡೆ. ತಾನೂ ಯಾವತ್ತೂ ಕರೆದಿರಲಿಲ್ಲವಲ್ಲ ಎಂದು ಶಶಿರೇಖಾಳಿಗೆ ನಾಚಿಕೆಯಾಯಿತು. ಎದ್ದು ಬಾಗಿಲಿಗೆ ಹೋದಳು.

"ಒಳಗ್ ಬಾ ಮುತ್ಯಾಲಕ್ಕ."

"ಇಲ್ಲೇ ಹೇಳ್ತೀನಿ ಬಿಡಿ ಟೀಚರಮ್ಮ."

"ಒಳಗ್ ಬಂದು ಹೇಳು. ನಮ್ಮಪ್ಪಂಗೆ ಕೇಳಿಸ್ಬೇಕು."

ಮುತ್ಯಾಲಮ್ಮ ಸೆರಗು ಸರಿಮಾಡಿಕೊಂಡು, ಮಂಡಿ ಹಿಡಿದು ಬಂದಳು. ಒಳಗೆಲ್ಲ ಜನ ತುಂಬಿದ್ದರು. ಖಾಲಿ ಇದ್ದದ್ದು ಮಣೆಯೊಂದೇ. "ಸಿವನೇ" ಎಂದು ಅದರ ಮೇಲೆ ಕೂತಳು. ರಾಮಾಯಣವೆಲ್ಲ ಬಾಯಿಗೆ ಬರುತ್ತಿದ್ದವಳಿಗೆ ಆ ಮಣೆಯ ಸಂಗತಿ ಗೊತ್ತಿರಲಿಲ್ಲ. ಕಿಟಕಿಯ ಕೆಳಗೆ ಕೂತವರಿಗೆ ಅದು ಕಾಣುವುದಾದರೂ ಹೇಗೆ?

ಕಾಂತರಾಜು ಬಾಯಿ ತೆರೆದ. ಶಶಿರೇಖಾ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಅವನು ತಲೆ ತಗ್ಗಿಸಿ ತಾಳ ಎತ್ತಿಕೊಂಡ.

ಮುತ್ಯಾಲಮ್ಮ ಕಣ್ಣು ಮುಚ್ಚಿ ಹೇಳುತ್ತ ಹೋದಳು. ವಿಮಾನ ಇಳಿಯಿತು, ಭರತ ಓಡಿಬಂದ, ಊರಿನ ಬೀದಿಗೆಲ್ಲ ನೀರು ಚಿಮುಕಿಸಿದರು. ಕಿರೀಟ ಏರುವ ಹೊತ್ತಿಗೆ ಶಶಿರೇಖಾಳ ಕೆನ್ನೆ ಒದ್ದೆಯಾಗಿತ್ತು. ಮಂಗಳ ಹಾಡಿ, ಮಣ್ಣು ಕೊಡವಿ, ಬೇವಿನೆಲೆ ಇಟ್ಟು ಗಂಟು ಕಟ್ಟಿದಳು.

ಊಟಕ್ಕೆ ಮೊದಲ ಎಲೆ ಬಂತು. ಚಿತ್ರಾನ್ನ, ಕೋಸಂಬರಿ, ಎರಡು ಒಬ್ಬಟ್ಟು. ಬಡಿಸುವವನು ಎಲ್ಲಿಡಲಿ ಎಂದು ತಡವರಿಸಿದ.

"ಊರೋರ್ಗೆ ಮೊದ್ಲು ಆಗ್ಲಿ," ಎನ್ನುತ್ತ ಮುತ್ಯಾಲಮ್ಮ ಏಳಹೋದಳು.

ಶಶಿರೇಖಾ ಅವಳ ಭುಜ ಮೆತ್ತಗೆ ಅದುಮಿ ಕೂರಿಸಿದಳು. ಎಲೆಯನ್ನು ತಾನೇ ಎರಡು ಕೈಯಲ್ಲಿ ತೆಗೆದುಕೊಂಡು ಮಣೆಯ ಮುಂದಿಟ್ಟಳು.